ಡ್ರೈವರ್ ರಾತ್ರಿ ಎಲ್ಲಿ ಮಲಗಿದ್ದರು?

ಇವತ್ತು ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ, ಯಾರು ಯಾರಿಗೆ ರಾತ್ರೋರಾತ್ರಿ ಫೋನ್ ಮಾಡಿದರು ಅನ್ನೋದೂ ಇಲ್ಲ. ಇವತ್ತು ತಪ್ಪೊಪ್ಪಿಗೆ. ಅದೂ ನನ್ನದೇ. ಎರಡು ತಪ್ಪುಗಳಿವೆ. ದೊಡ್ಡದನ್ನ ಮೊದಲು ಹೇಳ್ತೀನಿ, ಇನ್ನೊಂದನ್ನ ಕೊನೆಗೆ ಹೇಳಲೇಬೇಕು ಅಂತ ನನಗೊಬ್ಬರು ಆರ್ಡರ್ ಮಾಡಿದ್ದಾರೆ.

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಅಮೆರಿಕದಲ್ಲಿದ್ದಾನೆ. ಒಂದೇ ಬೆಂಚು, ಒಂದೇ ಡ್ರಾಯಿಂಗ್ ಬೋರ್ಡು. ಅವನು ಮೆಷಿನ್ ಹಿಂದೆ ಹೋದ, ನಾನು ಮೈಕ್ ಹಿಂದೆ ಬಂದೆ. ಡಿಸೆಂಬರ್ ರಜೆಗೆ ಹೆಂಡತಿ, ಹತ್ತು ವರ್ಷದ ಮಗಳ ಜೊತೆ ಬಂದಿದ್ದ. ಬರುವ ದಾರಿಯಲ್ಲಿ ಒಂದು ವಾರ ಗ್ರೀಸ್ ದೇಶ ಸುತ್ತಿಕೊಂಡು ಬಂದಿದ್ದರು. ಅಲ್ಲಿ ಬಸ್ಸಿಲ್ಲ, ಗುಂಪಿಲ್ಲ. ಒಂದು ಕಾರು, ಕಾರಿಗೊಬ್ಬ ಡ್ರೈವರ್. ಅಥೆನ್ಸ್‌ನಿಂದ ಡೆಲ್ಫಿ, ಅಲ್ಲಿಂದ ಒಲಿಂಪಿಯಾ, ಮೈಸೀನೆ. ಆ ಡ್ರೈವರ್ ಬಗ್ಗೆ ನನ್ನ ಗೆಳೆಯ ಎರಡು ಗಂಟೆ ಮಾತಾಡಿದ. ಅವನ ಹೆಸರು, ಅವನಪ್ಪನ ಆಲಿವ್ ತೋಟ, ಅವನ ಹಳ್ಳಿಯ ಬ್ರೆಡ್ಡು, ಅವನು ಯಾವ ಫುಟ್‌ಬಾಲ್ ತಂಡದ ಅಭಿಮಾನಿ, ಎಲ್ಲ. ಒಂದು ವಿಷಯ ನನ್ನ ಕಿವಿಗೆ ಬಿತ್ತು. ಡೆಲ್ಫಿಯ ಗೇಟು ಬಂದ ತಕ್ಷಣ ಆ ಡ್ರೈವರ್ ನಿಂತುಬಿಟ್ಟನಂತೆ. ದಾರಿಯುದ್ದಕ್ಕೂ ಕಥೆ ಹೇಳಿದವನು, ಗೇಟಿನೊಳಗೆ ಒಂದು ಹೆಜ್ಜೆ ಇಡಲಿಲ್ಲ. ಅಲ್ಲಿನ ಕಾನೂನೇ ಹಾಗೆ. ಪುರಾತತ್ವ ಸ್ಥಳದ ಒಳಗೆ ಪ್ರವಾಸಿಗರಿಗೆ ವಿವರಿಸುವ ಹಕ್ಕು ಲೈಸೆನ್ಸ್ ಇರುವ ಗೈಡಿಗೆ ಮಾತ್ರ. ಡ್ರೈವರ್ ಕಾರಿನಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು, ಒಳಗೆ ಗೈಡ್ ಕೆಲಸ ಮಾಡುವ ಹಾಗಿಲ್ಲ. ಇಟಲಿಯಲ್ಲೂ ಡ್ರೈವರ್ ಬೇರೆ, ಗೈಡ್ ಬೇರೆ.

"ನಮ್ಮಲ್ಲಿ ಹೀಗೆಲ್ಲ ಎಲ್ಲಿದೆಯೋ" ಅಂದ ಗೆಳೆಯ.

ನನಗೆ ಸ್ವಲ್ಪ ಚುರುಕ್ ಅಂತು. ನನ್ನ ಅಜ್ಜಿಯ ಊರು ಕಲಾದಗಿ. ಬಾಗಲಕೋಟೆ ಜಿಲ್ಲೆ, ಘಟಪ್ರಭೆಯ ದಂಡೆ. ನೀವು ದಾಳಿಂಬೆ ತಿಂದಿದ್ದರೆ, ಚಿಕ್ಕು ತಿಂದಿದ್ದರೆ, ಕಲಾದಗಿ ಹೆಸರು ಕೇಳಿರುತ್ತೀರಿ. "ಬಾ, ನಾನು ತೋರಿಸ್ತೀನಿ" ಅಂದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಎರಡು ದಿನ, ಒಂದು ಕಾರು, ಒಬ್ಬ ಡ್ರೈವರ್. ಗ್ರೀಸ್‌ಗೆ ಕಮ್ಮಿ ಏನಿಲ್ಲ.

ಗಾಡಿ ಬಂತು. ಡ್ರೈವರ್‌ಗೆ ಐವತ್ತೈದು ದಾಟಿರಬಹುದು. ಬಿಳಿ ಅಂಗಿ, ಕಿಸೆಯಲ್ಲಿ ಬಾಚಣಿಕೆ, ಡ್ಯಾಶ್‌ಬೋರ್ಡ್ ಮೇಲೆ ಎರಡು ದಾಳಿಂಬೆ. ಹೆಸರು ಹೇಳಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಕಾಕಾ ಅಂತಲೇ ಕರೀತೀನಿ. ಮೊದಲು ನನಗೆ "ಸಾಹೇಬ್ರ" ಅಂತಿದ್ದರು. ಅಜ್ಜಿ ಮನೆ ಯಾವುದು ಅಂತ ಗೊತ್ತಾದ ಮೇಲೆ "ತಮ್ಮಾ" ಆಯ್ತು. ಗಾಡಿ ಅವರದಲ್ಲ, ಮಾಲೀಕರು ಬೇರೆ. ಇವರಿಗೆ ತಿಂಗಳ ಸಂಬಳ ಸ್ವಲ್ಪ, ಮೇಲೆ ದಿನಕ್ಕೆ ₹500 ಬಾಟಾ.

ಕಲಾದಗಿ ದಾಟುವಾಗ ನಾನು ನನ್ನ ಜ್ಞಾನ ಪ್ರದರ್ಶನ ಶುರು ಮಾಡಿದೆ. ಆಂಕರ್ ಅಲ್ವಾ, ಸುಮ್ನೆ ಕೂರೋಕಾಗಲ್ಲ. ಈಗ ನೋಡೋಕೆ ಸಣ್ಣ ಊರು, ಆದರೆ ಬ್ರಿಟಿಷರ ಕಾಲದಲ್ಲಿ ಇದು ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು, ಜಿಲ್ಲೆಯ ಹೆಸರೂ ಹೋಯ್ತು. ಆದರೆ ಎರಡು ಕಡೆ ಆ ಹೆಸರು ಉಳಿದುಕೊಂಡಿದೆ. 1874ರಲ್ಲಿ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ವರದಿ ಬರೆದ. ಅದರ ಶೀರ್ಷಿಕೆಯಲ್ಲೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳು ಅಂತಿದೆ. ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆ, ಎಲ್ಲ ಅದರಲ್ಲಿವೆ. ಇನ್ನೊಂದು, 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಈ ಭಾಗದ ಕಲ್ಲಿನ ಪದರಗಳಿಗೆ ಕಲಾದಗಿ ಶ್ರೇಣಿ ಅಂತ ಹೆಸರಿಟ್ಟ. ಇವತ್ತಿಗೂ ಭೂವಿಜ್ಞಾನದ ಪುಸ್ತಕದಲ್ಲಿ ಕಲಾದಗಿ ಜಲಾನಯನ ಅಂತಲೇ ಇರೋದು. ಬಾದಾಮಿಯ ಕೆಂಪು ಮರಳುಗಲ್ಲೂ ಅದರ ಭಾಗ. ಜಿಲ್ಲೆಯ ಬೋರ್ಡು ಕಿತ್ತರು, ಕಲ್ಲಿನ ಹೆಸರು ಕೀಳೋಕಾಗಲಿಲ್ಲ.

ಕಾಕಾ ಕನ್ನಡಿಯಲ್ಲಿ ನನ್ನನ್ನ ನೋಡಿ ಒಂದೇ ಪ್ರಶ್ನೆ ಕೇಳಿದರು. "ಆ ಬರ್ಜೆಸ್ ಸಾಹೇಬ ಬಂದಾಗ ರೈಲಿತ್ತೇನ್ ತಮ್ಮಾ?"

ಇರಲಿಲ್ಲ. ಹೊಟಗಿ-ಗದಗ ರೈಲು ಹಳಿ ಈ ಕಡೆ ಬಂದಿದ್ದು 1884ರಲ್ಲಿ. ಬರ್ಜೆಸ್ ಓಡಾಡಿದ್ದು 1874ರ ಜನವರಿಯಿಂದ ಮೇ ತನಕ.

"ಅಂದ್ರ ಗಾಡಿ ಹೊಡಿಯಾಂವ ಒಬ್ಬಾಂವ ಇದ್ದನಲ್ಲ. ಇಲ್ಲಿ ಗುಡಿ ಐತಿ, ಅಲ್ಲಿ ಗವಿ ಐತಿ ಅಂತ ತೋರಿಸಿದಾಂವ ಅಂವನ ಇರಬೇಕು" ಅಂದರು. ನಕ್ಕೆವು. ನಗು ಮುಗೀತು, ಕೆರೂರು ಬಂತು.

ಬಾದಾಮಿಯ ಗೇಟಿನ ಮುಂದೆ ಗಾಡಿ ನಿಂತಾಗ ನಾನು "ಬರ್ರಿ ಕಾಕಾ, ನೀವೇ ತೋರಿಸಿ" ಅಂದೆ. ಬೇಡ ಅಂದರು. "ಒಳಗ ಗೈಡ್ ಮಂದಿ ಅದಾರ್ರಿ, ಅವರನ್ನ ತಗೊಳ್ರಿ. ಅದು ಅವರ ಅನ್ನ. ರಸ್ತೆ ನಂದು, ಗವಿ ಅವರದು." ನೋಡಿ, ಗ್ರೀಸ್‌ನಲ್ಲಿ ಕಾನೂನು ಬರೆದು ಜಾರಿ ಮಾಡಿರೋದನ್ನ ಇವರು ಮರ್ಯಾದೆಗೆ ಪಾಲಿಸ್ತಿದ್ದಾರೆ. ಗೈಡ್ ತಗೊಂಡೆವು. ಹುಡುಗ ಚೆನ್ನಾಗಿ ಹೇಳಿದ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ, ಮೂರನೇ ಗುಹೆಯಲ್ಲಿ ಮಂಗಳೇಶ 578ರಲ್ಲಿ ಹಾಕಿಸಿದ ಶಾಸನ. ಕೆಳಗೆ ಬಂದಾಗ ಹನ್ನೆರಡೂವರೆ. ಕಾಕಾ ಕಾರಿನ ನೆರಳಲ್ಲಿ, ಅಂದರೆ ಕಾರಿಗೂ ಕಾಂಪೌಂಡ್ ಗೋಡೆಗೂ ನಡುವಿನ ಎರಡಡಿ ಜಾಗದಲ್ಲಿ ಕೂತಿದ್ದರು. ಆ ಪಾರ್ಕಿಂಗ್‌ನಲ್ಲಿ ಡ್ರೈವರ್‌ಗೆ ಅಂತ ಇದ್ದ ನೆರಳು ಅಷ್ಟೇ.

ಬನಶಂಕರಿಯಲ್ಲಿ ಊಟ. ಅಲ್ಲಿ ಬುಟ್ಟಿ ಹೊತ್ತ ಅಮ್ಮಂದಿರು ಬರ್ತಾರಲ್ಲ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗೆಳೆಯನ ಮಗಳು ನಾಲ್ಕು ರೊಟ್ಟಿ ತಿಂದಳು, ಅವರಮ್ಮ ಫೋಟೋ ತೆಗೆದಳು. ಕಾಕಾ ಮಾತ್ರ ದೂರದ ಕಟ್ಟೆ ಮೇಲೆ ಕೂತಿದ್ದರು. ಕರೆದೆವು, ಬಂದರು. ಆಗ ಮಾತು ತೆಗೆದರು ನೋಡಿ, ಸಂಜೆ ತನಕ ನಿಲ್ಲಿಸಲಿಲ್ಲ.

ಈ ಮನುಷ್ಯ ಓದಿದ್ದು ಏಳನೇ ಕ್ಲಾಸು. ಇಪ್ಪತ್ತೈದು ವರ್ಷದಿಂದ ಇದೇ ರಸ್ತೆ. ಪುರಾತತ್ವದವರನ್ನ ಕರೆದುಕೊಂಡು ಹೋಗಿದ್ದಾರೆ, ಪ್ರೊಫೆಸರ್‌ಗಳನ್ನ ಕರೆದುಕೊಂಡು ಹೋಗಿದ್ದಾರೆ, ವಿದೇಶಿ ಸಂಶೋಧಕರ ಕ್ಯಾಮೆರಾ ಸ್ಟ್ಯಾಂಡ್ ಹೊತ್ತು ಬೆಟ್ಟ ಹತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ದೊಡ್ಡವರು ಜಗಳಾಡಿದ್ದನ್ನ ಮುಂದಿನ ಸೀಟಿನಲ್ಲಿ ಕೂತು ಕಲಿತಿದ್ದಾರೆ. ಯಾರೋ ಬಿಟ್ಟುಹೋದ ಇಂಗ್ಲಿಷ್ ಪುಸ್ತಕ ಮಗಳ ಕೈಲಿ ಓದಿಸಿಕೊಂಡಿದ್ದಾರೆ. ಮತ್ತೆ ಒಂದು ಶಿಸ್ತು ಇದೆ ಅವರಿಗೆ, ನಮ್ಮ ನ್ಯೂಸ್ ರೂಮಿನಲ್ಲೂ ಎಲ್ಲರಿಗೂ ಇಲ್ಲದ್ದು. "ಇದು ಕಥಿ" ಅಂತ ಒಂದು ಹೇಳ್ತಾರೆ, "ಇದು ಶಾಸನ" ಅಂತ ಇನ್ನೊಂದು ಹೇಳ್ತಾರೆ. ಎರಡನ್ನ ಬೆರೆಸಲ್ಲ.

ಉದಾಹರಣೆಗೆ ಐಹೊಳೆ. ಪರಶುರಾಮ ಕೊಡಲಿ ತೊಳೆದ, ಹೊಳೆ ಕೆಂಪಾಯ್ತು, ನೋಡಿದ ಹೆಂಗಸು ಅಯ್ಯೋ ಹೊಳೆ ಅಂದಳು, ಅದು ಕಥಿ. ಅಯ್ಯಾವೊಳೆ ಐನೂರ್ವರು ಅಂತ ಇಲ್ಲಿಂದ ಹೆಸರು ಪಡೆದ ವ್ಯಾಪಾರಿಗಳ ಸಂಘ ಇತ್ತು, ದಕ್ಷಿಣ ಭಾರತದ ತುಂಬಾ ಅವರ ಶಾಸನಗಳಿವೆ, ಸಮುದ್ರದಾಚೆಗೂ ವ್ಯಾಪಾರ ಇತ್ತು, ಅದು ಶಾಸನ. ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನ ಹೊಗಳಿ ಬರೆದದ್ದು ಶಾಸನ. "ಆದ್ರ ಅಂವಾ ಆಸ್ಥಾನದ ಕವಿ. ರಾಜಾನ ಬಗ್ಗೆ ಒಂದೀಟ್ ಜಾಸ್ತೀನ ಬರದಿರತಾನ" ಅಂತ ಕಾಕಾ ಅಡಿಟಿಪ್ಪಣಿ. ಈ ಅಡಿಟಿಪ್ಪಣಿ ಕೆಲವು ಪಠ್ಯಪುಸ್ತಕದಲ್ಲೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಕಂಚಿಯ ಮಾತು. ಮರುದಿನ ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಹೇಳಿದರು, ಆದರೆ ಇಲ್ಲೇ ಹೇಳಿಬಿಡ್ತೀನಿ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಗೆ ಬಂದು ಗೆದ್ದ. ಪುಲಕೇಶಿಯ ರಾಜಧಾನಿ ಶತ್ರುವಿನ ಕೈಗೆ ಹೋಯ್ತು. ಗೆದ್ದವನು ಇಲ್ಲೇ ಬಂಡೆ ಮೇಲೆ ಶಾಸನ ಹಾಕಿಸಿ ಹೋದ. ಸುಮಾರು ನೂರು ವರ್ಷ ಆದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿ ಗೆದ್ದ. ಈಗ ಏನಾಗಬೇಕು? ಸೇಡು. ನಮ್ಮ ಪ್ಯಾನೆಲ್ ಡಿಸ್ಕಷನ್‌ನಲ್ಲಿ ಆಗಿದ್ದರೆ ಇಷ್ಟೊತ್ತಿಗೆ ಬೆಂಕಿ ಗ್ರಾಫಿಕ್ಸ್ ಬಂದಿರೋದು. ಆದರೆ ಅವನು ಕೈಲಾಸನಾಥ ದೇವಸ್ಥಾನದ ಸಂಪತ್ತು ಮುಟ್ಟಲಿಲ್ಲ, ದೇವರಿಗೇ ಬಿಟ್ಟುಕೊಟ್ಟ. ಹಾಗಂತ ಅದೇ ದೇವಸ್ಥಾನದಲ್ಲಿ ಕನ್ನಡದಲ್ಲಿ ಬರೆಸಿದ. ತಮಿಳುನಾಡಿನ ಕಂಚಿಯಲ್ಲಿ ಇವತ್ತಿಗೂ ಆ ಕನ್ನಡ ಶಾಸನ ಇದೆ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದಳು, ಕಂಚಿಯ ಗುಡಿಯ ಛಾಯೆ ಅದರಲ್ಲಿದೆ. ಕಟ್ಟಿದ ಗುಂಡ ಅನ್ನೋ ಸೂತ್ರಧಾರಿಯ ಹೆಸರನ್ನೂ, ಅವನಿಗೆ ಕೊಟ್ಟ ಬಿರುದನ್ನೂ ಕಲ್ಲಿನಲ್ಲಿ ಕೆತ್ತಿಸಿದರು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇದೇ ಪಟ್ಟದಕಲ್ಲು.

"ಕೊಲ್ಲಾಕ ಹೋದಾಂವ ಗುಡಿ ನೋಡಿ ಮೆತ್ತಗಾದ ನೋಡು ತಮ್ಮಾ" ಅಂದರು ಕಾಕಾ. ಹಿಂದಿನ ಸೀಟಿನಲ್ಲಿ ಮಗು ಫೋನ್ ಕೆಳಗಿಟ್ಟು ಕೇಳ್ತಿತ್ತು.

ಸರಿ. ಈಗ ರಾತ್ರಿಗೆ ಬರ್ತೀನಿ. ಮೊದಲ ದಿನದ ರಾತ್ರಿ.

ಬಾದಾಮಿಯಲ್ಲಿ ಹೋಟೆಲ್ ಬುಕ್ ಮಾಡಿದ್ದವನು ನಾನು. ಎರಡು ರೂಮು. ಎಸಿ ಇದೆಯಾ ನೋಡಿದೆ, ವೈಫೈ ಇದೆಯಾ ನೋಡಿದೆ, ತಿಂಡಿ ಸೇರಿದೆಯಾ ಅಂತ ಫೋನ್ ಮಾಡಿ ಕೇಳಿದೆ. ಹತ್ತು ಗಂಟೆಗೆ ಇಳಿದೆವು. "ಬೆಳಿಗ್ಗೆ ಆರಕ್ಕೆ ರೆಡಿ ಇರ್ತೀನ್ರಿ" ಅಂದರು ಕಾಕಾ. ಗುಡ್ ನೈಟ್ ಅಂದೆ. ಹೋಗಿ ಮಲಗಿದೆ.

ಬೆಳಿಗ್ಗೆ ಐದಕ್ಕೆ ಗೆಳೆಯನ ಮಗಳು ಬಂದು ಬಾಗಿಲು ಬಡಿದಳು. ಅಮೆರಿಕದ ಟೈಮಿಗೆ ನಿದ್ದೆ ಬಂದಿಲ್ಲ ಅದಕ್ಕೆ. ಕಿಟಕಿಯಿಂದ ಕೆಳಗೆ ತೋರಿಸಿ ಕೇಳಿದಳು, "ಅಂಕಲ್, ಡ್ರೈವರ್ ತಾತ ಯಾಕೆ ಕಾರಲ್ಲಿದ್ದಾರೆ?"

ನೋಡಿದೆ. ಕಾರಿನ ಬಾಗಿಲು ಅರ್ಧ ತೆರೆದಿತ್ತು, ಎರಡು ಕಾಲು ಹೊರಗಿದ್ದವು. ಡಿಸೆಂಬರ್ ಚಳಿ. ಕಾಲಿಗೆ ಹೊದಿಕೆ ಇರಲಿಲ್ಲ, ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು, ಸೊಳ್ಳೆಗೆ.

ಕೆಳಗೆ ಹೋಗಿ ರಿಸೆಪ್ಷನ್‌ನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ನನ್ನನ್ನ ಗುರುತು ಹಿಡಿದು ಸೆಲ್ಫಿ ಕೇಳಿದ, ಆಮೇಲೆ ಹೇಳಿದ, "ಡ್ರೈವರ್‌ಗೆ ರೂಮ್ ಇಲ್ಲ ಸರ್. ಅವರು ಗಾಡಿಯಲ್ಲೇ ಮಲ್ಕೊತಾರೆ. ಎಲ್ಲಾ ಡ್ರೈವರ್‌ಗಳೂ ಹಂಗೇ." ಹುಡುಗನ ತಪ್ಪಿಲ್ಲ. ಬಾತ್‌ರೂಮ್ ಎಲ್ಲಿ ಬಳಸ್ತಾರೆ ಅಂತ ಕೇಳಿದೆ. ಬಸ್ ಸ್ಟ್ಯಾಂಡ್‌ಗೆ ಹೋಗ್ತಾರೆ ಅಂದ. ಅಷ್ಟು ಹೊತ್ತಿಗೆ ಕಾಕಾ ಎದ್ದು ಗಾಡಿ ತೊಳೆಯೋಕೆ ಶುರು ಮಾಡಿದ್ದರು. ಎಷ್ಟು ಹೊತ್ತು ನಿದ್ದೆ ಬಂತು ಕಾಕಾ ಅಂದೆ. "ಆತು ಬಿಡ್ರಿ, ಮೂರು ತಾಸು." ತಮ್ಮಾ ಹೋಗಿ ಮತ್ತೆ "ರೀ" ಬಂದಿತ್ತು. ಅದು ನನಗೆ ಗೊತ್ತಾಯ್ತು.

ಆಗಲೇ ಹೇಳಬೇಕಿತ್ತು, ಕಾಕಾ ನೀವು ರೂಮಿಗೆ ಹೋಗಿ ಮಲಗಿ, ಹನ್ನೊಂದಕ್ಕೆ ಹೊರಡೋಣ ಅಂತ. ಹೇಳಲಿಲ್ಲ. ಯಾಕಂದ್ರೆ ಪ್ಲ್ಯಾನ್ ಇತ್ತು. ಪಟ್ಟದಕಲ್ಲು, ಐಹೊಳೆ, ಅಮೀನಗಡದಲ್ಲಿ ಕರದಂಟು, ಕೂಡಲಸಂಗಮ, ರಾತ್ರಿ ಅಜ್ಜಿ ಮನೆಯಲ್ಲಿ ಊಟ. ಅಯ್ಯೋ ಅಂತ ಮನಸ್ಸಿನಲ್ಲಿ ಅಂದುಕೊಂಡು, ಬಾಯಲ್ಲಿ "ಹೊರಡೋಣ್ವಾ" ಅಂದೆ. ಇದು ನನ್ನ ಮೊದಲನೇ ತಪ್ಪು ವೀಕ್ಷಕರೇ. ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಾದ ಮೇಲೆ ಮಾಡಿದ್ದು.

ಎಲ್ಲಾ ನೋಡಿದೆವು. ಕೂಡಲಸಂಗಮದಿಂದ ಹೊರಟಾಗ ಕತ್ತಲು. ಬಾಗಲಕೋಟೆ ದಾಟಿ ಕಲಾದಗಿ ರಸ್ತೆ ಹಿಡಿದಾಗ ಎಂಟು ಗಂಟೆ. ಆ ಕಡೆಯವರಿಗೆ ಗೊತ್ತು, ಡಿಸೆಂಬರ್ ಅಂದರೆ ಕಬ್ಬು ಕಟಾವಿನ ಕಾಲ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್‌ಗಳು, ಒಂದಕ್ಕೆ ಎರಡೆರಡು ಟ್ರೇಲರ್, ರಸ್ತೆಯ ಮುಕ್ಕಾಲು ಭಾಗ ಅವೇ. ಹಿಂದೆ ಲೈಟ್ ಇರಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತೆ. ನಾನು ಮುಂದಿನ ಸೀಟಿನಲ್ಲಿದ್ದೆ, ಫೋನ್ ನೋಡ್ತಿದ್ದೆ. ತಲೆ ಎತ್ತಿದಾಗ ಕಬ್ಬು ಗಾಜಿನ ಮುಂದೆ ಇತ್ತು. ಕಾಕಾ ಅಂತ ಕೂಗಿದೆ. ಅವರು ಎಡಕ್ಕೆ ಎಳೆದರು. ಗಾಡಿ ರಸ್ತೆ ಬಿಟ್ಟು ಜಾಲಿ ಕಂಟಿಯಲ್ಲಿ ಇಳಿದು ನಿಂತಿತು. ಕನ್ನಡಿ ಹೋಯ್ತು. ಎಡಗಡೆ ಬಾಗಿಲಿನ ಮೇಲೆ ಉದ್ದಕ್ಕೆ ಗೀರು. ಹಿಂದೆ ಮಗು ಅಮ್ಮನ ತೊಡೆ ಮೇಲೆ ಮಲಗಿತ್ತು, ಎಚ್ಚರವೂ ಆಗಲಿಲ್ಲ.

ಒಂದು ಲೆಕ್ಕ ಹೇಳ್ತೀನಿ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗುತ್ತೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 50 ಮೀಟರ್. ಐವತ್ತು ಮೀಟರ್ ದೂರ ಆ ಕಾರನ್ನ ಯಾರೂ ಓಡಿಸ್ತಿರಲಿಲ್ಲ.

ಕಾಕಾ ಇಳಿದು ರಸ್ತೆ ಪಕ್ಕ ಕೂತರು. ಕೈ ನಡುಗ್ತಿತ್ತು. ನನ್ನ ಹತ್ತಿರ ಕ್ಷಮೆ ಕೇಳಿದ್ದು ಅವರು. "ಇಪ್ಪತ್ತೈದು ವರ್ಷದಾಗ ಹಿಂಗ ಆಗಿದ್ದಿಲ್ಲ ತಮ್ಮಾ, ಮಾಲೀಕ್ರಿಗೆ ಹೇಳಬ್ಯಾಡ್ರಿ, ಕನ್ನಡಿ ನಾ ಹಾಕಿಸ್ತೀನಿ." ಕನ್ನಡಿ, ಬಾಗಿಲಿನ ದುಡ್ಡು ನಾವು ಕೊಟ್ಟೆವು, ಅದೇನು ದೊಡ್ಡಸ್ತಿಕೆ ಅಲ್ಲ. ಮಾಲೀಕರಿಗೆ ನಾನೇ ಫೋನ್ ಮಾಡಿ, ನಿದ್ದೆ ಮಾಡೋಕೆ ಬಿಡದೆ ಓಡಿಸಿದ್ದು ನಾನು ಅಂದೆ.

ಕಾನೂನು ಇಲ್ವಾ? ಇದೆ ಸ್ವಾಮಿ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿದ್ದರು. 2025ರ ತನಕ ಅದು ಜಾರಿಯಲ್ಲಿತ್ತು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಕೂಡ ಡ್ರೈವರ್ ಕೆಲಸದ ಅವಧಿಗೆ ಅದನ್ನೇ ತೋರಿಸ್ತಿತ್ತು. ಆದರೆ ಆ ಕಾಯ್ದೆ ಬರೆದದ್ದು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಗಳಿಗೆ. ಎರಡು ಕಾರು, ಇಬ್ಬರು ಡ್ರೈವರ್ ಇಟ್ಟುಕೊಂಡ ಮಾಲೀಕ ಅದರ ಬಲೆಗೆ ಬೀಳ್ತಿರಲಿಲ್ಲ. ನಮ್ಮೂರ ಟ್ಯಾಕ್ಸಿಗಳು ಬಹುತೇಕ ಅಂಥವೇ. ಯುರೋಪ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಅಂತ ನಿಯಮ ಇರೋದು ಬಸ್ಸಿನಂಥ ದೊಡ್ಡ ಗಾಡಿಗಳಿಗೆ, ಒಂಬತ್ತು ಸೀಟಿನೊಳಗಿನ ಕಾರಿಗೆ ಅದು ತಾಗಲ್ಲ. ಅಂದರೆ ಕಾರಿನ ಡ್ರೈವರ್ ಅಲ್ಲೂ ಇಲ್ಲೂ ಕಾನೂನಿನ ಸಂದಿಯಲ್ಲೇ ಕೂತಿದ್ದಾನೆ. ಆದರೆ ನನ್ನ ಗೆಳೆಯನೇ ಹೇಳಿದ, ಅಲ್ಲಿ ಒಳಊರಿನಲ್ಲಿ ರಾತ್ರಿ ತಂಗಿದರೆ ಡ್ರೈವರ್ ರೂಮಿನ ದುಡ್ಡು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬಂದಿತ್ತಂತೆ. ಕೊಡುವಾಗ ಜಾಸ್ತಿ ಅನಿಸಿತ್ತಂತೆ.

ಹಾಗಾಗಿ ಪ್ರವಾಸೋದ್ಯಮ ಇಲಾಖೆಗೆ ಒಂದು ಮಾತು. ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಪಾರ್ಕಿಂಗ್ ಜಾಗದಲ್ಲಿ ತಗಡಿನ ಚಾವಣಿ, ಕುಡಿಯುವ ನೀರು, ಶೌಚಾಲಯ, ನಾಲ್ಕು ಮಂಚ. ಇದಕ್ಕೆ ಸಚಿವ ಸಂಪುಟ ಸೇರೋದು ಬೇಡ. ಬಾದಾಮಿಯಲ್ಲಿ ಹತ್ತಕ್ಕಿಂತ ಜಾಸ್ತಿ ರೂಮಿರುವ ಹೋಟೆಲ್‌ಗೆ ಲೈಸೆನ್ಸ್ ಕೊಡುವಾಗ ಡ್ರೈವರ್‌ಗಳಿಗೊಂದು ಡಾರ್ಮಿಟರಿ ಕಡ್ಡಾಯ ಮಾಡಿ. ಈ ರಸ್ತೆಯ ಡ್ರೈವರ್‌ಗಳಿಗೆ ವರ್ಷಕ್ಕೊಮ್ಮೆ ಒಂದು ವಾರ ತರಬೇತಿ ಕೊಡಿ. ಗೈಡ್ ಕೆಲಸ ಕಿತ್ತುಕೊಳ್ಳೋಕಲ್ಲ. ಕಾರಿನಲ್ಲಿ ಕೂತವರು ಗೇಟು ಮುಟ್ಟುವ ಮೊದಲು ಒಂದು ಗಂಟೆ ಈ ಮನುಷ್ಯನ ಮಾತೇ ಕೇಳ್ತಾರೆ, ಅದಕ್ಕೆ. ತರಬೇತಿ ಕೊಡುವವರ ಜಾಗದಲ್ಲಿ ಕಾಕಾನನ್ನೇ ಕೂರಿಸಿದರೂ ನಡೆಯುತ್ತೆ.

ನಿಮಗೆ? ಮುಂದಿನ ಸಲ ರೂಮ್ ಬುಕ್ ಮಾಡುವಾಗ ವೈಫೈ ಕೇಳುವ ಮೊದಲು ಡ್ರೈವರ್ ಎಲ್ಲಿ ಮಲಗ್ತಾರೆ ಅಂತ ಕೇಳಿ. ಬಾಟಾದಲ್ಲಿ ರೂಮ್ ಬರಲ್ಲ. ದಯೆಗೆ ಕೇಳಿ ಅಂತಿಲ್ಲ, ನಿಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿರ್ತಾರೆ.

ಈಗ ಎರಡನೇ ತಪ್ಪು. ಹೋದ ವರ್ಷ ಇದೇ ಸ್ಟುಡಿಯೋದಲ್ಲಿ ಕೂತು ಒಂದು ಕಾರ್ಯಕ್ರಮದಲ್ಲಿ, ಐಹೊಳೆಯಲ್ಲಿ ದುರ್ಗಾದೇವಿಯ ಅದ್ಭುತ ದೇವಾಲಯ ಇದೆ ಅಂತ ಹೇಳಿದ್ದೆ. ಕಾಕಾ ಅದನ್ನ ನೋಡಿದ್ದರಂತೆ. ಎರಡು ದಿನ ಸುಮ್ಮನಿದ್ದು, ಕಲಾದಗಿಯಲ್ಲಿ ಅಜ್ಜಿ ಮನೆ ಮುಂದೆ ಸಾಮಾನು ಇಳಿಸುವಾಗ ಹೇಳಿದರು. "ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ಅದು ದುರ್ಗಿ ಗುಡಿ ಅಲ್ಲ. ದುರ್ಗದ ಗುಡಿ. ಕೋಟಿ ಇತ್ತಲ್ಲ ಬಾಜೂಕ, ಅದಕ್ಕ ಆ ಹೆಸರು. ನೀ ಟೀವ್ಯಾಗ ಹೇಳೀದಿ, ಮಂದಿ ಈಗ ಬಂದು ದೇವಿ ಎಲ್ಲಿ ಅಂತ ನನಗ ಕೇಳ್ತಾರ. ಒಮ್ಮೆ ತಿದ್ದಿ ಹೇಳಿಬಿಡು."

ಹೇಳ್ತಿದ್ದೀನಿ ಕಾಕಾ. ಐಹೊಳೆಯಲ್ಲಿರೋದು ದುರ್ಗದ ಗುಡಿ. ಪ್ರದಕ್ಷಿಣಾ ಪಥದಲ್ಲಿ ಮಹಿಷಮರ್ದಿನಿಯ ಶಿಲ್ಪ ಇದೆ ನಿಜ, ಆದರೆ ದೇವಾಲಯ ಕಟ್ಟಿಸಿದ್ದು ಆದಿತ್ಯನಿಗೆ, ಸೂರ್ಯದೇವನಿಗೆ, ಅನ್ನೋದು ಅಲ್ಲಿನ ಶಾಸನದಿಂದ ಗೊತ್ತಾಗುತ್ತೆ. ಕೋಟೆಯ ಪಕ್ಕ ಇದ್ದಿದ್ದರಿಂದ ಆ ಹೆಸರು ಅಂಟಿಕೊಂಡಿತು. ನಾನು ಹೇಳಿದ್ದು ತಪ್ಪು.